ಚಿಲಕವಿಲ್ಲದ ಬಾಗಿಲು

ತೈನಾನ್, ತೈವಾನ್, ಗುರುವಾರ

ನಮ್ಮ ಕೇರಿಯ ಮುಖ್ಯಸ್ಥರಾಗಲು ಮತ್ತೆ ಚುನಾವಣೆಗೆ ನಿಂತಿರುವ ಚಿಯೆನ್ ಫೂತ್ಯೆನ್ ಅವರಿಗೆ,

ಕ್ಷೇಮ ಸಮಾಚಾರ ಬಿಡೋಣ. ನನ್ನನ್ನು ಕೇಳದೆ ನಮ್ಮ ಬಾಲ್ಕನಿಗೆ ಕಟ್ಟಿಸಿರುವ ನಿಮ್ಮ ಬ್ಯಾನರನ್ನು ಶನಿವಾರದೊಳಗೆ ಬಿಚ್ಚಿಸಿ. ನಿಮ್ಮ ಮುಖ ಅಚ್ಚು ಹಾಕಿ ಹಂಚಿದ ಟಿಶ್ಯೂ ಪೊಟ್ಟಣಗಳನ್ನೂ ಇದರ ಜೊತೆ ವಾಪಸು ಕಳಿಸಿದ್ದೇನೆ.

ನಿನ್ನೆ ದೇವಸ್ಥಾನದ ಮುಂದೆ ಮೈಕ್ ಹಿಡಿದು ಕೂಗಿದಿರಿ: "ಮಿಲಿಟರಿ ಕಾನೂನು ಇದ್ದಾಗ ಯಾರಾದ್ರೂ ಬಾಗಿಲಿಗೆ ಚಿಲಕ ಹಾಕ್ತಿದ್ರೇನ್ರೀ? ಈ ಪ್ರಜಾಪ್ರಭುತ್ವ ಬಂದ್ಮೇಲೆ ನೋಡಿ, ಮನೆಮನೆಗೂ ಕಬ್ಬಿಣದ ಸರಳು!"

ನಿಜ, ನಾವು ಚಿಲಕ ಹಾಕುತ್ತಿರಲಿಲ್ಲ. ಅದಕ್ಕೇ ಅಂದು ನೀವು ತಟ್ಟಲೂ ಇಲ್ಲ. ಆಗಲೂ ನೀವೇ ಮುಖ್ಯಸ್ಥರು. ಗುಪ್ತ ಪೊಲೀಸ್ ಸಾಹೇಬರಿಬ್ಬರನ್ನು ಕರೆತಂದು, ಮರ್ಯಾದಸ್ಥರ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿರಿ. ಅಪ್ಪನ ಕ್ಷೌರದಂಗಡಿಯಲ್ಲಿ ಗಿರಾಕಿಯೊಬ್ಬ ಸರ್ಕಾರದ ಮೇಲೆ ಜೋಕು ಹೇಳಿದ್ದ, ಅಪ್ಪ ನಕ್ಕಿದ್ದ, ಅಷ್ಟೇ. "ಎರಡು ಮಾತು ಕೇಳ್ಬೇಕು ಅತ್ತಿಗೆ, ಗಂಜಿ ಆರೋದ್ರೊಳಗೆ ಬಂದ್ಬಿಡ್ತಾರೆ" ಎಂದು ಅಮ್ಮನಿಗೆ ಹೇಳಿದವರೂ ನೀವೇ. ಅಪ್ಪ ಬರುವಷ್ಟರಲ್ಲಿ ನನ್ನ ಮದುವೆಯಾಗಿತ್ತು. ಅಮ್ಮ ಇರಲಿಲ್ಲ.

ಕಳ್ಳರ ಮಾತಿಗೆ ಬರೋಣ. ಕಳೆದ ವರ್ಷ ನಮ್ಮ ಮನೆಗೂ ಒಬ್ಬ ನುಗ್ಗಿ ಟಿವಿ ಹೊತ್ತುಕೊಂಡು ಹೋದ. ನಾನು ಠಾಣೆಗೆ ಹೋಗಿ ಪೊಲೀಸರಿಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ಮನೆಗೆ ಬಂದು ಅಡುಗೆ ಮಾಡಿದೆ.

ಆ ಕಾಲದಲ್ಲಿ ನಿಮಗೆ ಹೀಗೆ ಬರೆಯುವವರು ಹೆಸರು ಹಾಕುತ್ತಿರಲಿಲ್ಲ. ನಾನು ಹಾಕಿದ್ದೇನೆ. ವಿಳಾಸ ಬರೆದಿಲ್ಲ, ಮನೆ ನಿಮಗೆ ಗೊತ್ತೇ ಇದೆ. ಈ ಸಲ ಬಂದರೆ ಬಾಗಿಲು ತಟ್ಟಿ.

ಕ್ಷೌರದಂಗಡಿ ಲ್ಯೂ ಅವರ ಮಗಳು,
ಲ್ಯೂ ಶಿಯೂಚಿನ್