ಹತ್ತು ಲಕ್ಷದ ಒಂದು

ಮಾರ್ಚ್ ೧೨, ಗುರುವಾರ

ಹತ್ತು ಲಕ್ಷದ ಒಂದು, ಅಂದರೆ ೧೦೦೦೦೦೧, ಅವಿಭಾಜ್ಯ ಸಂಖ್ಯೆ ಅಲ್ಲ. ಇಪ್ಪತ್ತೆರಡು ವರ್ಷ ಪ್ರತಿ ಒಂಬತ್ತನೇ ತರಗತಿಯಲ್ಲೂ ಅದನ್ನು ಬೋರ್ಡಿನ ಮೇಲೆ ಬರೆದು, ಯಾವುದರಿಂದಲೂ ಭಾಗವಾಗುವುದಿಲ್ಲ ಎಂದು ಮೀಸೆ ತಿರುವಿದವನು ನಾನು.

ಮುಂದಿನ ವರ್ಷ ಆ ತರಗತಿ ನನ್ನ ಹಳೆಯ ವಿದ್ಯಾರ್ಥಿನಿಗೆ. ಈಗ ಅವಳೂ ಇಲ್ಲೇ ಗಣಿತದ ಟೀಚರ್. ನನ್ನ ನೋಟ್ಸ್ ಕೊಟ್ಟಿದ್ದೆ. ಇವತ್ತು ಸ್ಟಾಫ್ ರೂಮಿನಲ್ಲಿ ಒಂದು ಚೀಟಿ ನನ್ನತ್ತ ಸರಿಸಿದಳು: ೧೦೧ × ೯೯೦೧. ಮೂರು ಸಲ ಗುಣಿಸಿದೆ. ಮೂರು ಸಲವೂ ಹತ್ತು ಲಕ್ಷದ ಒಂದೇ ಬಂತು.

ಸಾವಿರದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು ಎಂದು ಮಕ್ಕಳಿಗೆ ಕಲಿಸುವವನೇ ನಾನು. ಇಪ್ಪತ್ತೆರಡು ವರ್ಷದ ಹಿಂದೆ ಈ ಸಂಖ್ಯೆಯನ್ನು ಹಾಗೆ ಭಾಗಿಸುತ್ತಾ ಹೋದವನು ತೊಂಬತ್ತೇಳಕ್ಕೆ ಬೇಸರ ಬಂದು ಪೆನ್ನು ಮುಚ್ಚಿದ್ದೆ. ಅದರ ಮುಂದಿನ ಅವಿಭಾಜ್ಯವೇ ನೂರೊಂದು.

"ಯಾವಾಗ ಗೊತ್ತಾಯ್ತಮ್ಮಾ ನಿನಗೆ?" ಎಂದೆ.

"ಒಂಬತ್ತನೇ ಕ್ಲಾಸಲ್ಲೇ ಸರ್. ಎದ್ದು ನಿಂತು ಹೇಳಿದ್ನಲ್ಲ. ಬಾಯಿ ಮುಚ್ಕೊಂಡು ಕೂತ್ಕೋ ಅಂದ್ರಿ."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ನನಗೆ ಆ ದಿನವೇ ನೆನಪಿಲ್ಲ. ಅಷ್ಟು ಸಲೀಸಾಗಿ ಕೂರಿಸಿದ್ದೆನೇ? ಹಾಗಾದರೆ ಇನ್ನೆಷ್ಟು ಮಂದಿಯನ್ನು ಹೀಗೆ ಕೂರಿಸಿದ್ದೇನೋ?