ಮಾವನ ಜೋಡಿಗೆ ಬೆಲ್ಲದ ಬಣ್ಣ

ಕೋಡಿಬಾಗ, ಕಾರವಾರ
ತಾ. ೨೦-೪-೧೯೩೬, ಸೋಮವಾರ ಬೆಳಿಗ್ಗೆ

ಪ್ರೀತಿಯ ಸುಗಂಧಾ,

ನೀನೂ ಕೂಸೂ ಸುಖವಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಬೆನ್ನುನೋವು ಕಡಿಮೆಯಾಯಿತೋ? ಅತ್ತೆ ಕೊಡುವ ಕಷಾಯವನ್ನು ಮೂಗು ಹಿಡಿದಾದರೂ ಕುಡಿ, ಅವರು ಅತ್ತ ತಿರುಗಿದಾಗ ಕಿಟಕಿಯಿಂದ ಚೆಲ್ಲಬೇಡ. ಕೂಸಿಗೆ ನನ್ನ ಮೂಗು ಬಂದಿದೆ ಎಂದು ನಿನ್ನ ತಮ್ಮ ದೇವಿದಾಸ ಬರೆದಿದ್ದ. ಹೆಣ್ಣುಕೂಸಿಗೆ ಆ ಮೂಗು ಬೇಡವಾಗಿತ್ತು, ಬೆಳೆಯುತ್ತ ಸರಿಹೋಗಬಹುದು. ನಾನು ಚೆನ್ನಾಗಿದ್ದೇನೆ. ಗಂಜಿ ನಾನೇ ಬೇಯಿಸಿಕೊಳ್ಳುತ್ತೇನೆ, ಕಚೇರಿಯ ಪಟ್ಟೇವಾಲಾ ಕೆಲಸ ಎಂದಿನಂತೆ ನಡೆದಿದೆ. ಈ ಪತ್ರವನ್ನು ದೇವಿದಾಸನೇ ನಿನಗೆ ಓದಿ ಹೇಳುತ್ತಾನೆ, ಮಾವ ಪಕ್ಕದಲ್ಲಿ ಕಂಬಕ್ಕೊರಗಿ ಕೇಳುತ್ತಿರುತ್ತಾರೆ ಎಂಬುದೂ ನನಗೆ ಗೊತ್ತು. ದೇವಿದಾಸಾ, ಶಾಲೆಯಲ್ಲಿ ಮಕ್ಕಳ ಮುಂದೆ ಓದುವ ಹಾಗೆ ಗಟ್ಟಿಯಾಗಿ ಓದು. ನಡುವೆ ನಗಬೇಡ, ಒಂದು ಸಾಲನ್ನೂ ಹಾರಿಸಬೇಡ. ಅರ್ಧ ಕೇಳಿದರೆ ನನ್ನ ಸಂಸಾರ ಕೆಡುತ್ತದೆ.

ಸಂಗತಿ ಏನೆಂದರೆ, ನಮ್ಮ ಬೇಲಿಯಾಚೆಯ ಹೊನ್ನಮ್ಮ ಬುಧವಾರ ಅಂಕೋಲೆಗೆ ತಂಗಿಯ ಮನೆಗೆ ಬರುತ್ತಾಳೆ. ಅಷ್ಟು ದೂರ ಬಂದವಳು ಮಂಜಗುಣಿಗೆ ಬಂದು ಕೂಸು ನೋಡದೆ ಹೋಗುವವಳಲ್ಲ. ಬಂದವಳು ಬಾಯಿ ತೆರೆದ ಕೂಡಲೇ ಹೇಳುವುದು ಇಷ್ಟು: ರವಿವಾರ ಮಟಮಟ ಮಧ್ಯಾಹ್ನ ನಿನ್ನ ಗಂಡ ಅಂಗಳದಲ್ಲಿ ಶೆರೆಯ ಬಾಟ್ಲಿ ಮುಂದಿಟ್ಟುಕೊಂಡು, ಕೈಯಲ್ಲಿ ಕರಟ ಹಿಡಿದು ಕೂತಿದ್ದ. ಅವಳು ಹೇಳುವುದು ನಿಜ. ಬಾಟ್ಲಿಯೂ ನಿಜ, ಕರಟವೂ ನಿಜ. ನೀನು ಗಾಬರಿಯಾಗಿ ಎದೆಹಾಲು ಬತ್ತಿಸಿಕೊಳ್ಳಬೇಡ, ಮಾವನೂ ಕಂಬ ಬಿಟ್ಟು ಏಳುವುದು ಬೇಡ. ನಾನು ಒಂದು ಹನಿಯನ್ನೂ ಕುಡಿದಿಲ್ಲ. ಇದಕ್ಕೆಲ್ಲ ಕಾರಣ ಮಾವನ ಕಾಲಿನ ಜೋಡು.

ಕಳೆದ ತಿಂಗಳು ಮಾವ ದೇವಿದಾಸನ ಕೈಯಲ್ಲಿ ಒಂದು ತುಂಡು ಬೆಲ್ಲ ಕಳಿಸಿ, ಕಾರವಾರದಲ್ಲಿ ಈ ಬಣ್ಣದ ಚರ್ಮದ ಜೋಡು ಹೊಲಿಸಿಕೊಂಡು ತೊಟ್ಟಿಲ ಶಾಸ್ತ್ರಕ್ಕೆ ತಾ ಎಂದು ಹೇಳಿಸಿದ್ದರಲ್ಲ. ಹೊಸ ಬೆಲ್ಲ, ಎದುರು ಬೆಳಕಿಗೆ ಹಿಡಿದರೆ ಜೇನಿನ ಹಾಗೆ ಕಾಣುವಂಥದು. ಬಜಾರದಲ್ಲಿ ಜೋಡು ಹೊಲಿಯುವ ಬೀರು ಹದಿನೈದು ದಿನದಲ್ಲಿ ಹೊಲಿದುಕೊಟ್ಟ. ಒಳ್ಳೆಯ ಕೆಲಸ, ಹೆಸರಿಡುವಂತಿಲ್ಲ. ಬಣ್ಣ ಹಚ್ಚುವ ಮೊದಲು ಬೆಲ್ಲದ ತುಂಡನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಶನಿವಾರ ಅವನೇ ಮನೆಗೆ ಬಂದ. ಬಿಸಿಲಲ್ಲಿ ನಡೆದು ಬಂದವನಿಗೆ ಬೆಲ್ಲ ನೀರು ಕೊಡದೆ ಮಾತಾಡಿಸುವುದು ಹೇಗೆ? ಒಳಗೆ ಹೋಗಿ ಕೈಗೆ ಸಿಕ್ಕಿದ ಬೆಲ್ಲವನ್ನು ತಾಟಿನಲ್ಲಿಟ್ಟು, ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟೆ. ಅವನು ಬೆಲ್ಲ ತಿಂದು, ನೀರು ಕುಡಿದು, ಬಾಯಿ ಒರೆಸಿಕೊಂಡು, "ಹಂಗಾರೆ ಆ ಬೆಲ್ಲ ತೋರ್ಸಿ ಕಾಂಬ" ಎಂದ. ತೋರಿಸಲು ಏನು ಉಳಿದಿತ್ತು? ಖಾಲಿ ತಾಟನ್ನೇ ಎತ್ತಿ ತೋರಿಸಿದೆ.

ಬೀರುವಿಗೆ ಅದೇ ಸಂಜೆ ಮದುವೆಗೆಂದು ಘಟ್ಟದ ಮೇಲೆ ಹೋಗುವುದಿತ್ತು. ಮುಂಬಯಿಯಿಂದ ತರಿಸಿದ ಬಣ್ಣದ ಸೀಸೆಯಲ್ಲಿ ತಳಕ್ಕೆ ಉಳಿದದ್ದನ್ನೂ ಒಂದಿಷ್ಟು ಚರ್ಮದ ಚೂರುಗಳನ್ನೂ ನನ್ನ ಕೈಗಿಟ್ಟು, ನೆನಪಿನ ಮೇಲೆ ನೀವೇ ಹಚ್ಚಿ ಎಂದ. ಸೀಸೆಯಲ್ಲಿದ್ದಂತೆಯೇ ಹಚ್ಚಿದರೆ ಸುಟ್ಟ ಗೇರುಸಿಪ್ಪೆಯ ಹಾಗೆ ಕಪ್ಪಾಗುತ್ತದಂತೆ. ತೆಳು ಮಾಡಿ ಹಚ್ಚಬೇಕು, ಮೊದಲು ಚೂರಿನ ಮೇಲೆ ನೋಡಬೇಕು, ಒಣಗುವ ತನಕ ಕಾಯಬೇಕು. "ಕಪ್ಪು ಮಾಡೂಕೆ ಯಾರಿಗೂ ಬತ್ತದೆ, ಹಚ್ಚಿದ್ಮೇಲೆ ತೆಗೂಕೆ ಬ್ರಹ್ಮಂಗೂ ಬರೂದಿಲ್ಲ" ಎಂದು ಹೇಳಿ ಹೋದ. ತೆಳು ಮಾಡುವುದೆಂದರೆ ನೀರು ಹಾಕುವುದು ಎಂದು ನನ್ನ ಲೆಕ್ಕ. ಹಾಲಿಗೆ ಹಾಕುತ್ತೇವೆ, ಸಾರಿಗೆ ಹಾಕುತ್ತೇವೆ. ಹಾಕಿದೆ. ಚೂರಿನ ಮೇಲೆ ಚಿರತೆಯ ಮೈ ಎದ್ದಿತು. ಓಡಿಹೋಗಿ, ಮೋಟಾರು ಹತ್ತುತ್ತಿದ್ದ ಬೀರುವನ್ನು ತಡೆದು ಕೇಳಿದೆ. ಇದಕ್ಕೆ ನೀರು ಆಗದು, ಸ್ಪಿರಿಟ್ ಬೇಕು, ಅದಿಲ್ಲದಿದ್ದರೆ ಒಳ್ಳೆಯ ಕಡಕ್ ಶೆರೆ ಎಂದ. ಮೋಟಾರು ಹೊರಟಿತು.

ದವಾಖಾನೆಗೆ ಹೋಗಿ, ಜೋಡಿನ ಬಣ್ಣಕ್ಕೆ ಸ್ಪಿರಿಟ್ ಬೇಕು ಎಂದೆ. ಅಲ್ಲಿಯ ಕಂಪೌಂಡರನಿಗೆ ನನ್ನ ಹಳೆಯ ಚರಿತ್ರೆ ಗೊತ್ತು. ನನ್ನ ಮುಖ ನೋಡಿದ, ಸೀಸೆ ನೋಡಿದ, "ಜೋಡಿಗೋ ನಿಂಗೋ?" ಎಂದು ಕೇಳಿ ಬಾಗಿಲು ಹಾಕಿಕೊಂಡ. ಹೀಗಾಗಿ ಎಂಟು ತಿಂಗಳ ಮೇಲೆ, ರವಿವಾರ ಬೆಳಿಗ್ಗೆ, ಮತ್ತೆ ಶೆರೆಯಂಗಡಿಯ ಮೆಟ್ಟಿಲು ಹತ್ತಿದೆ. ಒಂದು ಬಾಟ್ಲಿ ಗೇರು ಫೆಣಿ. ಅಂಗಡಿಯವ ನನ್ನನ್ನು ಕಂಡು ಎಷ್ಟು ಸಂತೋಷಪಟ್ಟನೆಂದರೆ, ಜೋಡಿಗೆ ಎಂದು ಹೇಳಲು ನನಗೇ ಸಂಕೋಚವಾಯಿತು.

ಇನ್ನು ಅಂಗಳದಲ್ಲಿ ಯಾಕೆ ಕೂತೆ ಎನ್ನುತ್ತೀಯಾ? ನಿನ್ನಿಂದಲೇ. ತುಳಸಿಯ ಮುಂದೆ ತೆಂಗಿನಕಾಯಿ ಮುಟ್ಟಿ ಎರಡು ಆಣೆ ಮಾಡಿದ್ದೆ. ಶೆರೆ ಕುಡಿಯುವುದಿಲ್ಲ ಎಂಬುದು ಒಂದು, ಶೆರೆ ನಮ್ಮ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ ಎಂಬುದು ಇನ್ನೊಂದು. ಒಳಗೆ ಕೂತು ಕದ ಹಾಕಿಕೊಂಡು ಹಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಣೆ ಉಳಿಸಲು ಹೋಗಿ ಊರಿಗೆಲ್ಲ ಕಾಣುವ ಹಾಗೆ ಅಂಗಳದ ನಡುವೆ ಕೂತೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರೆ. ನನ್ನ ಮುಂದೆ ಮಜ್ಜಿಗೆಯೂ ಇರಲಿಲ್ಲ.

ಕರಟಕ್ಕೆ ಒಂದು ಚಮಚ ಬಣ್ಣ, ಎರಡು ಚಮಚ ಫೆಣಿ ಹಾಕಿ ನೋಡಿದೆ. ಹಳೆಯ ಬೆಲ್ಲ. ನಾಲ್ಕಕ್ಕೆ ಏರಿಸಿದೆ, ಹುಣಸೆಹಣ್ಣಿನ ಬಣ್ಣ ಬಂತು. ಹಸಿಯಾಗಿದ್ದಾಗ ಎಲ್ಲ ಒಂದೇ ಥರ ಕಪ್ಪು, ಒಣಗಿದ ಮೇಲೆ ನಿಜ ಗೊತ್ತಾಗುವುದು. ಅದಕ್ಕೇ ಪ್ರತಿ ಸಲ ಅರ್ಧ ತಾಸು ಕಾಯಬೇಕು. ಎಂಟು ಚಮಚಕ್ಕೆ ಬಂದಾಗ ಮಾವ ಕಳಿಸಿದ ಬೆಲ್ಲವೇ ಚೂರಿನ ಮೇಲೆ ಬಂದು ಕೂತಿತು. (ಚಮಚ ನಿನ್ನ ಅಡುಗೆಮನೆಯದಲ್ಲ, ಹೆದರಬೇಡ.) ಆ ಖುಷಿಯಲ್ಲಿ ಕರಟವನ್ನು ಬಿಸಿಲಿಗೆತ್ತಿ, ಒಂದು ಕಣ್ಣು ಮುಚ್ಚಿ ನೋಡಿ ನಕ್ಕೆ. ಹೊನ್ನಮ್ಮ ಬೇಲಿಯ ಹತ್ತಿರ ಬಂದದ್ದು ಆಗಲೇ. "ಬೊಮ್ಮಯ್ಯಾ, ಹೆಂಡ್ತಿ ಬಾಣಂತನಕ್ಕೆ ಹೋದ್ರೆ ಹಗಲ್ ಹೊತ್ತಲ್ಲೇ ಶುರು ಮಾಡೂದೇನೋ?" ಎಂದಳು. ಗಡಿಬಿಡಿಯಲ್ಲಿ ಬಣ್ಣದ ಕೈಯಿಂದಲೇ ಬಾಯಿ ಮುಚ್ಚಿಕೊಂಡೆ. ಈಗ ಮೀಸೆಯಿಂದ ಗದ್ದದ ತನಕ ಕೆಂಪಾಗಿದೆ, ಮೂರು ಸಲ ಸಾಬೂನು ಹಚ್ಚಿದರೂ ಹೋಗಿಲ್ಲ. ಗುರುವಾರ ತೊಟ್ಟಿಲ ಶಾಸ್ತ್ರಕ್ಕೆ ಬಂದಾಗ ನೋಡಿ ಕೂಸು ಹೆದರೀತು.

ಜೋಡು ಸಿದ್ಧವಾಗಿದೆ. ಫೆಣಿಯ ವಾಸನೆ ಇನ್ನೂ ಬಿಟ್ಟಿಲ್ಲವಾದ್ದರಿಂದ ಅದನ್ನೂ ಒಳಗೆ ತಂದಿಲ್ಲ, ಹೊರಗೆ ಮಾಡಿನ ಅಂಚಿಗೆ ತೂಗುಹಾಕಿದ್ದೇನೆ. ಮಾವಾ, ಇನ್ನೊಂದು ಸಲ ಶೆರೆ ಬಾಯಿಗೆ ತಾಗಿದರೆ ಮಗಳನ್ನು ತಿರುಗಿ ಕಳಿಸುವುದಿಲ್ಲ ಎಂದಿದ್ದಿರಿ. ಆ ಮಾತು ನನಗೆ ದಿನಾ ನೆನಪಿದೆ. ಹೊನ್ನಮ್ಮ ಹೇಳುವುದನ್ನು ಕೇಳಿ, ಆದರೆ ಇದನ್ನೂ ಕೇಳಿರಿ. ಸುಗಂಧಾ, ನೀನಿಲ್ಲದ ಮನೆ ನನಗೆ ಸೇರುವುದಿಲ್ಲ. ಇದನ್ನು ನಿನ್ನ ಅಪ್ಪನ ಎದುರಿಗೇ ಹೇಳುತ್ತೇನೆ.

ಅತ್ತೆ ಮಾವರಿಗೆ ನಮಸ್ಕಾರ, ಕೂಸಿನ ಹಣೆಗೆ ನನ್ನದೊಂದು ಮುತ್ತು. ವೆಂಕಟರಮಣ ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಬೊಮ್ಮಯ್ಯ

ತಾ.ಕ.: ದೇವಿದಾಸಾ, ಗಟ್ಟಿಯಾಗಿ ಓದುವುದು ಇಲ್ಲಿಗೆ ಸಾಕು. ಇದನ್ನು ಒಳಗೆ ಹೋಗಿ ಅಕ್ಕನಿಗೊಬ್ಬಳಿಗೇ ಓದು. ಸುಗಂಧಾ, ಕಚೇರಿಗೆ ಹೊತ್ತಾಯಿತು, ಬೇಗ ಹೇಳುತ್ತೇನೆ. ಜೋಡಿಗೆ ಬೆಲ್ಲದ ಬಣ್ಣ ಬರಲಿಲ್ಲ. ಎಂಟು ಚಮಚಕ್ಕೆ ಅಳತೆ ಸರಿಯಾಗಿತ್ತು, ಸೀಸೆಯ ಬಣ್ಣವನ್ನೆಲ್ಲ ಅದೇ ಅಳತೆಯಲ್ಲಿ ಗಡಿಗೆಯಲ್ಲಿ ಕಲಸಿಟ್ಟೆ, ಹಚ್ಚುವುದೊಂದೇ ಬಾಕಿ. ಬಾಟ್ಲಿಯಲ್ಲಿ ಇನ್ನೂ ಅರ್ಧ ಫೆಣಿ ಉಳಿದಿತ್ತು. ಹೊನ್ನಮ್ಮ ಒಳಗೆ ಹೋಗಿದ್ದಳು. ಬೇರೆ ಕರಟ ತೊಳೆದು ತಂದು, ಬಣ್ಣ ಹಾಕದೆ ಹೊಯ್ದೆ. ತುಟಿಯ ತನಕ ತಂದೆ. ಆಮೇಲೆ ತುಂಬ ಹೆದರಿಕೆಯಾಯಿತು. ನೆಲಕ್ಕೆ ಚೆಲ್ಲುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ಇಟ್ಟುಕೊಂಡರೆ ಸಂಜೆಗೆ ಉಳಿಸುವವನೂ ಅಲ್ಲ. ಕರಟದ್ದನ್ನೂ ಬಾಟ್ಲಿಯದನ್ನೂ ಕೊನೆಯ ಹನಿಯ ತನಕ ಬಣ್ಣದ ಗಡಿಗೆಗೆ ಸುರಿದುಬಿಟ್ಟೆ. ಆಮೇಲೆ ಮೂರು ಸಲ ಹಚ್ಚಿದರೂ ಜೋಡು ಬಿಳಿಚಿಕೊಂಡೇ ಇದೆ, ತುಪ್ಪದ ಹಾಗೆ. ಮಾವ ಬೈಯಲಿ, ಬೈಸಿಕೊಳ್ಳುತ್ತೇನೆ. ನೀನು ಮಾತ್ರ ಬಣ್ಣ ಎಷ್ಟು ತೆಳುವಾಗಿದೆ ಎಂದು ಒಮ್ಮೆ ಕೈಗೆತ್ತಿಕೊಂಡು ನೋಡು. ಅಷ್ಟನ್ನು ನಾನು ಕುಡಿಯಲಿಲ್ಲ.