ಯಾರನ್ನು ಕೇಳಿ ಹೋಗ್ತಿದ್ವಿ

ಜನವರಿ 6, ಮಂಗಳವಾರ
ಹುಂಚದ ಬಸ್ಸು ಲೇಟು. ನಾನು ಪಂಚಾಯ್ತಿ ಲೈಬ್ರರಿ ಬಾಗಿಲು ತೆಗೆದಾಗ ಹತ್ತೂಕಾಲು. ಮಧ್ಯಾಹ್ನ ಅರಣ್ಯ ಹಕ್ಕಿನ ಅರ್ಜಿ ಫಾರಂ ಬಂತು. ನಮ್ಮ ಹಸಲರ ಕೇರಿಯ ಸಮಿತಿಗೆ ನಾನೇ ಕಾರ್ಯದರ್ಶಿ — ಅಕ್ಷರ ದುಂಡಗಿದೆ ಅಂತ. ಗುಡ್ಡದ ಮೇಲೆ ಇಡೀ ಕೇರಿಯ ಹಕ್ಕು ಕೇಳೋ ಅರ್ಜಿ. ‘ಬಳಕೆಯ ವಿವರ’ದಲ್ಲಿ ಬರೆದೆ: ಹಿಂದಿನಿಂದಲೂ ಅನುಮತಿ ಪಡೆದು ಜೇನು, ಉಪ್ಪಾಗೆ ಹಣ್ಣು ತರುತ್ತಿದ್ದೇವೆ.
ಚೆನ್ನಾಗಿದೆ ಅನ್ನಿಸ್ತು.

ಜನವರಿ 8
ಮನೆಯಲ್ಲಿ ನನ್ನ ಕೆರಿಯಮ್ಮಜ್ಜಿಗೆ ಅರ್ಜಿ ಓದಿ ಹೇಳಿದೆ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕಳು.
“ಯಾರ ಅನುಮತಿ ಕಣೆ? ಗುಡ್ಡಕ್ಕೆ ಬರೋರು ನಮ್ಮಪ್ಪನ್ನ ಕೇಳಿ ಬರ್ತಿದ್ರು. ಹಸಿ ಮರ ಕಡಿದ್ರೆ ಒಂದು ಕೋಳಿ ದಂಡ.”
“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”
“ನೀನು ಕೇಳಿದ್ದು ಊಟಕ್ಕೆ ಏನು ಅಂತ ಮಾತ್ರ.”
ಶಾಲೆಯಲ್ಲಿ ಕೆಳದಿ ಅರಸರು, ಹೊಂಬುಜದ ಅರಸರು... ಎಲ್ಲ ಬಾಯಿಪಾಠ. ನಮ್ಮ ಗುಡ್ಡ ಯಾರು ಆಳ್ತಿದ್ರು ಅನ್ನೋ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ‘ಹಸಲರು’ ಅಂದ್ರೆ ನನಗೆ ಸ್ಕಾಲರ್‌ಶಿಪ್ ಫಾರಂನ ಜಾತಿ ಕಾಲಂ, ಅಷ್ಟೆ.
‘ಅನುಮತಿ ಪಡೆದು’ — ಹೊಡೆದು ಹಾಕಿದೆ.

ಜನವರಿ 27
ಹತ್ತೊಂಬತ್ತು ದಿನ ಬರೆದಿಲ್ಲ. ಅಜ್ಜಿ ಹೇಳೋದು, ನಾನು ಗೀಚೋದು — ಬೇರೆ ನೋಟ್‌ಬುಕ್ಕೇ ತುಂಬಿತು.
ಇವತ್ತು ಗುಡ್ಡದ ಸರ್ವೆ. ಫಾರೆಸ್ಟರ್ ಸುನಿಲ್ ಸರ್ ನಕ್ಷೆಯಲ್ಲಿ ಬರೀ ‘ಬ್ಲಾಕ್ 14’. ಅಜ್ಜಿ ಕೋಲು ಹಿಡಿದು ಮುಂದೆ. ಇದು ಬಾಣಂತಿ ಹಳ್ಳ, ಇದು ಜೇನ್‌ಕಲ್ಲು, ಇದು ಸೋತವನ ದಿಬ್ಬ... ಮೂವತ್ತೊಂದು ಹೆಸರು. ಮರದಡಿ ಜಿಪಿಎಸ್‌ಗೆ ಸಿಗ್ನಲ್ ಇಲ್ಲ.
“ಅದಕ್ಕೆ ದಾರಿ ಗೊತ್ತಿಲ್ವಾ? ನನ್ನ ಹಿಂದೆ ಬರ್ಲಿ,” ಅಂದಳು. ಸುನಿಲ್ ಸರ್ ನಗು ತಡೆಯೋಕಾಗದೆ ಕೂತೇಬಿಟ್ಟರು.
ಅರಣ್ಯ ಇಲಾಖೆಯ ಗಡಿಕಲ್ಲಿನ ಹತ್ತಿರ ಮಾತ್ರ ಅಜ್ಜಿ ನಿಂತಳು.
“ಇದನ್ನ ನೆಟ್ಟೋರಿಗೆ ನೀರು ಹೊತ್ತಿದ್ದು ನಾನೇ. ಹತ್ತು ವರ್ಷದವಳು. ನಾಳೆಯಿಂದ ಗುಡ್ಡಕ್ಕೆ ಬರೋಕೆ ಪಾಸ್ ತಗೋಬೇಕು ಅಂದ್ರು. ಅಪ್ಪ ಆವತ್ತು ಉಣ್ಲಿಲ್ಲ.”
ಸುನಿಲ್ ಸರ್ ತಮ್ಮ ಪೆನ್ ಕೊಟ್ಟರು. “ಬರ್ಕೊಳ್ಳಿ ಸೌಜನ್ಯಾ. ಹಿರಿಯರ ಹೇಳಿಕೆಯೂ ಸಾಕ್ಷಿ.”
ಬರೆದೆ. ಅಕ್ಷರ ಈ ಸಲ ದುಂಡಗಿಲ್ಲ.

ಫೆಬ್ರವರಿ 8, ಭಾನುವಾರ, ಸಂಜೆ
ಶಾಲೆ ಅಂಗಳದಲ್ಲಿ ಗ್ರಾಮಸಭೆ. ಅರ್ಜಿಗೆ ಒಪ್ಪಿಗೆ, ಒಬ್ಬರದೂ ವಿರೋಧ ಇಲ್ಲ. ಫೈಲು ಸಾಗರಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ. ಎಷ್ಟು ವರ್ಷವೋ.
ಎಲ್ಲ ಏಳ್ತಿದ್ರು. ನಾನು ಸುಮ್ಮನಿರಲಾರದೆ ಕೇಳಿದೆ — ಸರಿ, ಈ ಮಳೆಗಾಲದ ಉಪ್ಪಾಗೆಗೆ ನಮ್ಮ ನಿಯಮ ಏನು?
ಮತ್ತೆ ಕೂತರು. ಹಣ್ಣಾಗೋ ತನಕ ಕೀಳಬಾರದು ಅಂತ ಅರ್ಧ ಜನ. ಅಷ್ಟರಲ್ಲಿ ಮಂಗ ತಿಂದು ಮುಗಿಸುತ್ತೆ ಅಂತ ಜಟ್ಟಿಂಗಪ್ಪ ಮಾವ. ಒಂದೂವರೆ ಗಂಟೆ ಜಗಳ. ಇಲಾಖೆಯೋರು ಏನಂತಾರೆ ಅಂತ ಒಬ್ಬರೂ ಕೇಳಲಿಲ್ಲ. ಎಂಥ ಚೆಂದದ ಜಗಳ... ಕೈ ಎತ್ತಿಸಿದೆವು. ಹಣ್ಣಾಗೋ ತನಕ ಕೀಳೋ ಹಾಗಿಲ್ಲ, ಕೊಂಬೆ ಕಡಿಯೋ ಹಾಗಿಲ್ಲ. ಮಾವ ಸೋತರು.
ನಿಯಮ ನೀಟಾಗಿ ಬರೆದು ಲೈಬ್ರರಿ ಬಾಗಿಲಿಗೆ ಅಂಟಿಸಬೇಕು. ಮೊದಲನೇ ಸಾಲು—
ನಮ್ಮ ಮನೆ ಅಂಗಳದಲ್ಲಿ ಮಾವನ ದನಿ. ಮಂಗದ ವಿಷಯ ಇನ್ನೊಂದು ಪಾಯಿಂಟ್ ಹೊಳೆದಿದೆಯಂತೆ. ಅಜ್ಜಿ ಆಗಲೇ ಚಾಪೆ ಹಾಸಿದಳು. ನಾನೂ ಹೋಗಿ ಕೂರ್ತೀನಿ.